ಸುಣ್ಣದ ವೇಷ ತೊಟ್ಟ ಲೋಹ

ಎಂಆರ್‌ಐ ಸ್ಕ್ಯಾನ್ ಮಾಡಿಸಿಕೊಂಡವರಿಗೆ ನೆನಪಿರಬಹುದು. ಸುರಂಗದಂಥ ಆ ಯಂತ್ರದಲ್ಲಿ ಮಲಗಿಸಿ, ಅಲ್ಲಾಡಬೇಡಿ ಎಂದು ಎಚ್ಚರಿಸಿ, ನಡುವೆ ಒಮ್ಮೆ ತೋಳಿನ ರಕ್ತನಾಳಕ್ಕೆ ತಿಳಿಯಾದ ದ್ರವವೊಂದನ್ನು ಚುಚ್ಚುತ್ತಾರೆ. ಎಲ್ಲರಿಗೂ ಅಲ್ಲ, ಚಿತ್ರ ಇನ್ನಷ್ಟು ಸ್ಪಷ್ಟವಾಗಿ ಬೇಕಾದಾಗ ಮಾತ್ರ. ಬಿಲ್ಲಿನಲ್ಲಿ ಅದಕ್ಕೆ 'ಕಾಂಟ್ರಾಸ್ಟ್' ಎಂದು ಬೇರೆಯೇ ಸಾಲು. ಆ ದ್ರವದಲ್ಲಿರುವುದು ಗ್ಯಾಡೋಲಿನಿಯಂ ಎಂಬ ಲೋಹ. ಅರವತ್ತು ಕಿಲೋ ತೂಗುವವರ ಮೈಗೆ ಒಂದು ಸಲಕ್ಕೆ ಹೆಚ್ಚುಕಡಿಮೆ ಒಂದು ಗ್ರಾಂ ಲೋಹ ಸೇರುತ್ತದೆ. ಮೂತ್ರಪಿಂಡ ಸರಿಯಾಗಿದ್ದರೆ ಒಂದೇ ದಿನದಲ್ಲಿ ಅದರ ಬಹುಪಾಲು ಮೂತ್ರದಲ್ಲಿ ಹೊರಬೀಳುತ್ತದೆ. ಆಸ್ಪತ್ರೆಯ ಲೆಕ್ಕ ಅಲ್ಲಿಗೆ ಮುಗಿಯಿತು. ನದಿಯ ಲೆಕ್ಕ ಅಲ್ಲಿಂದ ಶುರು.

ಈ ಲೆಕ್ಕವನ್ನು ಮೊದಲು ಹಿಡಿದವರು ವೈದ್ಯರಲ್ಲ, ಭೂರಸಾಯನ ವಿಜ್ಞಾನಿಗಳು. ಜರ್ಮನಿಯ ಮಿಖಾಯೆಲ್ ಬಾವ್ ಮತ್ತು ಪೀಟರ್ ಡುಲ್‌ಸ್ಕಿ 1996ರಲ್ಲಿ ಒಂದು ವಿಚಿತ್ರವನ್ನು ಪ್ರಕಟಿಸಿದರು. ಜನ ಕಿಕ್ಕಿರಿದ ಊರುಗಳ ಮೂಲಕ ಹರಿಯುವ ಜರ್ಮನಿಯ ನದಿಗಳಲ್ಲಿ ಗ್ಯಾಡೋಲಿನಿಯಂ ಇರಬೇಕಾದ್ದಕ್ಕಿಂತ ಹೆಚ್ಚಾಗಿತ್ತು. ಸ್ವೀಡನ್ನಿನ ಜನವಿರಳ ಪ್ರದೇಶದ ಹೊಳೆಗಳಲ್ಲಿ ಹಾಗಿರಲಿಲ್ಲ. 1988ರಿಂದ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿದ್ದ ಚುಚ್ಚುಮದ್ದು ಎಂಟೇ ವರ್ಷದಲ್ಲಿ ನದಿಯ ನೀರಿನಲ್ಲಿ ಗುರುತು ಹಿಡಿಯುವಷ್ಟು ಬೆಳೆದಿತ್ತು. ಮುಂದೆ ಬರ್ಲಿನ್ನಿನ ನಲ್ಲಿ ನೀರಿನಲ್ಲೂ ಅದು ಸಿಕ್ಕಿತು. 2019ರಲ್ಲಿ ಜರ್ಮನಿಯ ನಗರಗಳ ಫಾಸ್ಟ್‌ಫುಡ್ ಅಂಗಡಿಗಳಲ್ಲಿ ಲೋಟಕ್ಕೆ ಸುರಿದು ಕೊಡುವ ಕೋಲಾದಲ್ಲೂ ಸಿಕ್ಕಿತು. ಅಂಗಡಿಯವರು ಅದನ್ನು ಬೆರೆಸುವುದು ಊರಿನ ನಲ್ಲಿ ನೀರಿಗೇ ತಾನೆ?

'ಇರಬೇಕಾದ್ದಕ್ಕಿಂತ ಹೆಚ್ಚು' ಎಂದು ಹೇಳಲು ಎಷ್ಟಿರಬೇಕು ಎಂದು ಗೊತ್ತಿರಬೇಕಲ್ಲ? ಅಲ್ಲೇ ಈ ಲೋಹಗಳ ಮಜಾ ಇರುವುದು. ಶಾಲೆಯ ಗೋಡೆಯ ಮೇಲಿನ ಆವರ್ತ ಕೋಷ್ಟಕವನ್ನು ನೆನಪಿಸಿಕೊಳ್ಳಿ. ಮುಖ್ಯ ಮನೆಯಲ್ಲಿ ಜಾಗ ಸಾಲದೆ ಕೆಳಗೆ ಎರಡು ಸಾಲುಗಳನ್ನು ಬೇರೆಯಾಗಿ ಬರೆದಿರುತ್ತಾರೆ. ಮೇಷ್ಟ್ರೂ ಅದನ್ನು ಮುಟ್ಟುವುದಿಲ್ಲ, ಪರೀಕ್ಷೆಯಲ್ಲೂ ಕೇಳುವುದಿಲ್ಲ. ಅದರಲ್ಲಿ ಮೇಲಿನ ಸಾಲಿನ ಹದಿನೈದು ಮಂದಿ, ಜೊತೆಗೆ ಸ್ಕ್ಯಾಂಡಿಯಂ ಮತ್ತು ಇಟ್ರಿಯಂ. ಒಟ್ಟು ಈ 17 ಧಾತುಗಳಿಗೆ ವಿರಳ ಭಸ್ಮ ಲೋಹಗಳೆಂದು ಹೆಸರು. ಹೆಸರಿಗಷ್ಟೇ ವಿರಳ. ಭೂಮಿಯ ಮೇಲ್ಪದರದಲ್ಲಿ ಸೀರಿಯಂ ಎಂಬ ಲೋಹ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಆದರೆ ಒಂದೆಡೆ ಗಟ್ಟಿ ಅದಿರಾಗಿ ಸಿಗುವುದು ಅಪರೂಪ. ಸಿಕ್ಕರೂ ಹದಿನೈದು ಅಣ್ಣತಮ್ಮಂದಿರು ಕೈ ಕೈ ಹಿಡಿದುಕೊಂಡೇ ಇರುತ್ತಾರೆ. ಗುಣದಲ್ಲಿ ಒಬ್ಬನಿಗೂ ಇನ್ನೊಬ್ಬನಿಗೂ ಕೂದಲೆಳೆಯ ವ್ಯತ್ಯಾಸ. ಬಿಡಿಸಿ ತೆಗೆಯುವಷ್ಟರಲ್ಲಿ ರಸಾಯನ ವಿಜ್ಞಾನಿಗಳಿಗೆ ನೂರು ವರ್ಷ ಹಿಡಿಯಿತು.

ನಮ್ಮ ಹಿರಿಯರಿಗೆ ಇವು ಅಪರಿಚಿತವೇನಲ್ಲ. ಮದುವೆ ಮನೆಯಲ್ಲಿ, ಬಯಲಾಟದಲ್ಲಿ ಸುಂಯ್ ಎಂದು ಉರಿಯುತ್ತಿದ್ದ ಗ್ಯಾಸ್‌ಲೈಟಿನ ಬಿಳಿ ಮ್ಯಾಂಟಲ್ ಇತ್ತಲ್ಲ, ಅದರಲ್ಲಿ ನೂರಕ್ಕೆ ಒಂದು ಪಾಲು ಸೀರಿಯಂ ಇರುತ್ತಿತ್ತು, ಉಳಿದದ್ದು ಥೋರಿಯಂ. ಸಿಗರೇಟ್ ಲೈಟರಿನ 'ಕಲ್ಲು' ಕೂಡ ಕಲ್ಲಲ್ಲ, ಇದೇ ಲೋಹಗಳ ಮತ್ತು ಕಬ್ಬಿಣದ ಮಿಶ್ರಣ. ಈಗ ಅದೇ ಕುಟುಂಬ ಮೊಬೈಲಿನ ಸ್ಪೀಕರಿನಲ್ಲಿ, ಎಲೆಕ್ಟ್ರಿಕ್ ಸ್ಕೂಟರಿನ ಮೋಟಾರಿನಲ್ಲಿ, ಗಾಳಿಯಂತ್ರದ ಅಯಸ್ಕಾಂತದಲ್ಲಿ ಕೂತಿದೆ.

ಈ ಅಣ್ಣತಮ್ಮಂದಿರು ಬಂಡೆಯಿಂದ ಕರಗಿ ಹೊಳೆಗೆ ಇಳಿಯುವಾಗಲೂ ಒಟ್ಟಿಗೇ ಇಳಿಯುತ್ತಾರೆ. ನೆಲದ ಕಲ್ಲಿನಲ್ಲಿ ಯಾರು ಎಷ್ಟಿದ್ದಾರೆಂದು ಗೊತ್ತಿದ್ದರೆ ನೀರಿನಲ್ಲಿ ಯಾರು ಎಷ್ಟಿರಬೇಕೆಂದು ಊಹಿಸಬಹುದು. ನಕ್ಷೆ ಬರೆದರೆ ನಯವಾದ ಒಂದು ಗೆರೆ ಬರುತ್ತದೆ. ಆ ಗೆರೆಯಿಂದ ಒಬ್ಬನೇ ಒಬ್ಬ ತಲೆಯೆತ್ತಿ ನಿಂತಿದ್ದರೆ ಅವನನ್ನು ಅಲ್ಲಿಗೆ ಕರೆತಂದದ್ದು ಮಳೆಯಲ್ಲ, ಮನುಷ್ಯ.

ವೋರ್ಮ್ಸ್ ಎಂಬಲ್ಲಿ

ಹೀಗೆ ತಲೆಯೆಣಿಸುತ್ತಲೇ ಬಾವ್ ಮತ್ತು ಅವರ ಸಹೋದ್ಯೋಗಿ ಸೆರ್ಕಾನ್ ಕುಲಾಕ್‌ಸಿಜ್ ಮುಂದೊಮ್ಮೆ ರೈನ್ ನದಿಯಲ್ಲಿ ಇನ್ನೊಬ್ಬನನ್ನು ಹಿಡಿದರು. ಈ ಸಲ ಲ್ಯಾಂಥನಂ. ನದಿಯುದ್ದಕ್ಕೂ ನೀರು ತುಂಬಿಸಿಕೊಂಡು ಹಿಂದಕ್ಕೆ ಹಿಂದಕ್ಕೆ ಹೋದಾಗ ಜಾಡು ವೋರ್ಮ್ಸ್ ನಗರದ ಬಳಿ ಒಂದು ಕೊಳವೆಯ ಬಾಯಿಯಲ್ಲಿ ನಿಂತಿತು. ಕಚ್ಚಾ ತೈಲವನ್ನು ಒಡೆದು ಪೆಟ್ರೋಲು ಮಾಡಲು ಬೇಕಾಗುವ ವೇಗವರ್ಧಕವನ್ನು ತಯಾರಿಸುವ ಕಾರ್ಖಾನೆಯೊಂದರ ತ್ಯಾಜ್ಯ ಅಲ್ಲಿ ನದಿಗೆ ಸೇರುತ್ತಿತ್ತು. ಕೊಳವೆಯ ಬಳಿಯ ನೀರಿನಲ್ಲಿ ಲೀಟರಿಗೆ 49 ಮಿಲಿಗ್ರಾಂವರೆಗೆ ಲ್ಯಾಂಥನಂ ಕರಗಿತ್ತು. ಅಲ್ಲಿಂದ ಕೆಳಕ್ಕೆ ಸುಮಾರು 400 ಕಿಲೋಮೀಟರ್, ಡಚ್ಚರ ಗಡಿ ದಾಟುವವರೆಗೂ ಅದರ ಗುರುತು ಅಳಿದಿರಲಿಲ್ಲ. 2011ರಲ್ಲಿ ಈ ಸಂಗತಿ ಪ್ರಕಟವಾಯಿತು. ಎರಡು ವರ್ಷದ ನಂತರ ಅದೇ ನೀರಿನಲ್ಲಿ ಸಮೇರಿಯಂ ಕೂಡ ಬೆರೆತಿರುವುದು ಗೊತ್ತಾಯಿತು.

ಒಂದೇ ನದಿ, ಒಂದೇ ಕುಟುಂಬದ ಮೂರು ಲೋಹ. ಗ್ಯಾಡೋಲಿನಿಯಂ ಆಸ್ಪತ್ರೆಗಳಿಂದ, ಲ್ಯಾಂಥನಂ ಮತ್ತು ಸಮೇರಿಯಂ ಕಾರ್ಖಾನೆಯಿಂದ. ಇವುಗಳಲ್ಲಿ ಜೀವಿಗಳ ಮೈಸೇರುವುದು ಯಾವುದು? ಉತ್ತರಕ್ಕಾಗಿ ವಿಜ್ಞಾನಿಗಳು ಕಪ್ಪೆಚಿಪ್ಪನ್ನು ಕೇಳಿದರು. ರೈನ್ ನದಿಯ ತಳದಲ್ಲಿ ಕಾರ್ಬಿಕ್ಯುಲಾ ಎಂಬ ಏಷ್ಯಾ ಮೂಲದ ಚಿಪ್ಪು ಹೇರಳವಾಗಿದೆ. ವಲಸೆ ಬಂದು ತಳವೂರಿದ ಪ್ರಾಣಿ. ಅದು ದಿನವಿಡೀ ನೀರನ್ನು ಸೋಸುತ್ತ, ಆ ನೀರಿನಿಂದಲೇ ಕ್ಯಾಲ್ಸಿಯಂ ಹೆಕ್ಕಿ ಪದರ ಪದರವಾಗಿ ಮನೆ ಕಟ್ಟಿಕೊಳ್ಳುತ್ತದೆ. ಚಿಪ್ಪನ್ನು ಕರಗಿಸಿ ನೋಡಿದಾಗ ಕಾರ್ಖಾನೆಯ ಕೆಳಗಿನ ಚಿಪ್ಪುಗಳಲ್ಲಿ ಲ್ಯಾಂಥನಂ ಇತ್ತು, ಸಮೇರಿಯಂ ಇತ್ತು. ಆಸ್ಪತ್ರೆಯ ಗ್ಯಾಡೋಲಿನಿಯಂ ನೀರಿನಲ್ಲಿ ಯಥೇಚ್ಛವಾಗಿದ್ದರೂ ಚಿಪ್ಪಿನಲ್ಲಿ ಅದರ ಸುಳಿವಿರಲಿಲ್ಲ. 2015ರಲ್ಲಿ ಬಂದ ಈ ಫಲಿತಾಂಶ ನನಗಂತೂ ಈ ಇಡೀ ಪ್ರಕರಣದ ಬೀಗದ ಕೈಯೆನಿಸುತ್ತದೆ.

ಯಾಕೆಂದರೆ ಔಷಧ ತಯಾರಕರು ಗ್ಯಾಡೋಲಿನಿಯಂ ಅನ್ನು ಬರಿಮೈಯಲ್ಲಿ ಬಿಡುವುದಿಲ್ಲ. ದೊಡ್ಡದೊಂದು ಸಾವಯವ ಅಣುವಿನ ಪಂಜರದಲ್ಲಿ ಅದನ್ನು ಕೂಡಿಹಾಕಿರುತ್ತಾರೆ. ಪಂಜರದೊಳಗಿನ ಹುಲಿ ರಕ್ತದಲ್ಲಿ ಸುತ್ತಾಡಿ, ಮೂತ್ರದಲ್ಲಿ ಇಳಿದು, ಕೊಳಚೆ ಸಂಸ್ಕರಣಾ ಘಟಕವನ್ನೂ ಪಂಜರ ಸಮೇತ ದಾಟಿ ಹೋಗುತ್ತದೆ. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆಯಲ್ಲ, ಅಂಥ ಎರಡು ಹಂತದ ಸಂಸ್ಕರಣೆಗೂ ಈ ಪಂಜರ ಜಗ್ಗುವುದಿಲ್ಲ. ಆದರೆ ಪಂಜರ ಇರುವವರೆಗೆ ಹುಲಿ ಕಚ್ಚುವುದಿಲ್ಲ. ಪಂಜರ ಸಡಿಲಾದರೆ ಏನಾಗುತ್ತದೆಂಬುದನ್ನು ಮನುಷ್ಯರೇ ಅನುಭವಿಸಿದ್ದಾರೆ. ಮೂತ್ರಪಿಂಡ ಕೆಟ್ಟ ಕೆಲವು ರೋಗಿಗಳಲ್ಲಿ ಈ ಮದ್ದು ಬೇಗ ಹೊರಹೋಗದೆ, ಚರ್ಮ ಮತ್ತು ಒಳಾಂಗಗಳು ತೊಗಲಿನಂತೆ ಬಿಗಿದುಕೊಳ್ಳುವ ಕಾಯಿಲೆ ಬಂತು. 2006ರಲ್ಲಿ ಅದಕ್ಕೂ ಗ್ಯಾಡೋಲಿನಿಯಮ್ಮಿಗೂ ಇರುವ ನಂಟು ಬಯಲಾಯಿತು. ಸಡಿಲ ಪಂಜರದ ಹಲವು ಮದ್ದುಗಳನ್ನು 2017ರಲ್ಲಿ ಯುರೋಪು ನಿಲ್ಲಿಸಿತು.

ಕಾರ್ಖಾನೆಯ ಲ್ಯಾಂಥನಮ್ಮಿಗೆ ಪಂಜರವಿಲ್ಲ.

ಬೇಳೆ ಬೇಯದ ನೀರು

ಬರಿಮೈ ಲೋಹ ಮಾಡುವ ಅನಾಹುತವೇನು? ಅದರ ಗುಟ್ಟು ಗಾತ್ರದಲ್ಲಿದೆ. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಅಯಾನಿಗೂ ಲ್ಯಾಂಥನಂ ಅಯಾನಿಗೂ ಗಾತ್ರ ಬಹುತೇಕ ಒಂದೇ. ನೂರಕ್ಕೆ ಮೂರರಷ್ಟು ವ್ಯತ್ಯಾಸ. ಆದರೆ ಕ್ಯಾಲ್ಸಿಯಮ್ಮಿನ ಮೇಲೆ ಎರಡು ಧನ ವಿದ್ಯುದಂಶ, ಲ್ಯಾಂಥನಮ್ಮಿನ ಮೇಲೆ ಮೂರು. ಜೀವಕೋಶದ ಗೋಡೆಯಲ್ಲಿ ಕ್ಯಾಲ್ಸಿಯಮ್ಮಿಗೆಂದೇ ಇರುವ ಕಿಂಡಿಗಳಿವೆ. ನರ ಮಿಡಿಯಲು, ಸ್ನಾಯು ಕುಗ್ಗಲು, ಚಿಪ್ಪು ಕಟ್ಟಲು ಆ ಕಿಂಡಿಯಿಂದಲೇ ಕ್ಯಾಲ್ಸಿಯಂ ಒಳಬರಬೇಕು. ಲ್ಯಾಂಥನಂ ಬಂದು ಅದೇ ಕಿಂಡಿಯಲ್ಲಿ ಕೂರುತ್ತದೆ. ಅಳತೆ ಸರಿಯಿದೆ, ಅಂಟು ಹೆಚ್ಚಿದೆ, ಹಾಗಾಗಿ ಕದಲುವುದಿಲ್ಲ. ಬೀಗದೊಳಗೆ ಮುರಿದುಕೊಂಡ ಬೀಗದಕೈಯ ಹಾಗೆ. ಕ್ಯಾಲ್ಸಿಯಮ್ಮಿನ ಹಾದಿಯನ್ನು ಬೇಕೆಂದೇ ಮುಚ್ಚಿ ನೋಡಲು ಶರೀರಶಾಸ್ತ್ರಜ್ಞರು 1960ರ ದಶಕದಿಂದಲೂ ಲ್ಯಾಂಥನಂ ಬಳಸುತ್ತಿದ್ದಾರೆ. ಮೀನಿನ ಕಿವಿರಿನಲ್ಲೂ ಅದು ಹೀಗೇ ಕ್ಯಾಲ್ಸಿಯಮ್ಮನ್ನು ತಡೆಯುತ್ತದೆ.

ಈಗ ನೀರುಚಿಗಟದ ವಿಷಯಕ್ಕೆ ಬರೋಣ. ಹೆಸರು ಚಿಗಟ, ಕುಲ ಸಿಗಡಿಯದು. ಎಳ್ಳುಕಾಳಿನಷ್ಟು ಗಾತ್ರ, ಕುಪ್ಪಳಿಸುವ ನಡೆ, ಗಾಜಿನಂಥ ಮೈ. ಸೂಕ್ಷ್ಮದರ್ಶಕದಡಿ ಇಟ್ಟರೆ ಹೃದಯ ಬಡಿಯುವುದು ಕಾಣುತ್ತದೆ. ಪಾಚಿಯನ್ನು ಇದು ತಿನ್ನುತ್ತದೆ, ಮೀನಿನ ಮರಿಗಳು ಇದನ್ನು ತಿನ್ನುತ್ತವೆ. ಕೆರೆಯೊಂದರ ಊಟದ ಪಂಕ್ತಿಯಲ್ಲಿ ಇದನ್ನು ಎಬ್ಬಿಸಿದರೆ ಪಂಕ್ತಿಯೇ ಕಲಕಿಹೋಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ಇದು ಹಳೆಯ ಕವಚವನ್ನು ಕಳಚಿ ಹೊಸದನ್ನು ಕಟ್ಟಿಕೊಳ್ಳಬೇಕು. ಪ್ರತಿ ಸಲವೂ ನೀರಿನಿಂದ ಹೊಸ ಕ್ಯಾಲ್ಸಿಯಂ ಬೇಕು. ಲ್ಯಾಂಥನಮ್ಮಿಗೆ ಇದಕ್ಕಿಂತ ಸುಲಭದ ಬಲಿ ಸಿಕ್ಕೀತೆ?

2000ದಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು, ಬ್ಯಾರಿ ಮತ್ತು ಮೀಹನ್, ಅಲ್ಲಿನ ನೀರುಚಿಗಟಗಳನ್ನು ಲ್ಯಾಂಥನಂ ಬೆರೆತ ನೀರಿಗೆ ಬಿಟ್ಟು ನೋಡಿದರು. ಎರಡು ದಿನದಲ್ಲಿ ಅರ್ಧದಷ್ಟು ಚಿಗಟಗಳು ನಿಶ್ಚಲವಾಗಲು ಎಷ್ಟು ಲ್ಯಾಂಥನಂ ಸಾಕು ಎಂಬುದು ಪ್ರಶ್ನೆ. ಮೆದು ನಲ್ಲಿ ನೀರಿನಲ್ಲಿ ಉತ್ತರ ಲೀಟರಿಗೆ 43 ಮೈಕ್ರೋಗ್ರಾಂ. ಅಂದರೆ 12,000 ಲೀಟರಿನ ಎರಡು ಟ್ಯಾಂಕರ್ ನೀರಿಗೆ ಸುಮಾರು ಒಂದು ಗ್ರಾಂ. ಪ್ರಯೋಗಾಲಯದಲ್ಲಿ ತಯಾರಿಸಿದ ಗಡಸು ನೀರಿನಲ್ಲಿ ಅದೇ ಕೆಲಸಕ್ಕೆ 1,180 ಮೈಕ್ರೋಗ್ರಾಂ ಬೇಕಾಯಿತು. ಇಪ್ಪತ್ತೇಳು ಪಟ್ಟು! ಲೋಹ ಅದೇ, ಚಿಗಟ ಅದೇ, ಬದಲಾದದ್ದು ನೀರು. ಇನ್ನೂ ಕಡಿಮೆ ಲೋಹ ಹಾಕಿ ಹೆಚ್ಚು ದಿನ ಇಟ್ಟಾಗ ಬದುಕುಳಿದ ಚಿಗಟಗಳು ಪ್ರಾಯಕ್ಕೆ ಬರುವುದೇ ತಡವಾಯಿತು.

ಗಡಸು ನೀರೆಂದರೆ ನಮ್ಮ ಹೆಂಗಸರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬಯಲುಸೀಮೆಯ ಕೊಳವೆ ಬಾವಿಯ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಪಾತ್ರೆಯ ತಳದಲ್ಲಿ ಬಿಳಿ ಹೊಪ್ಪಳೆ ಕಟ್ಟುತ್ತದೆ. ಮಲೆನಾಡಿನ ಹೊಳೆಯ ನೀರಿನಲ್ಲಿ ಎಷ್ಟು ಸಲ ತೊಳೆದರೂ ಕೈಯ ಸೋಪು ಜಾರುತ್ತಲೇ ಇರುತ್ತದೆ. ಬೇಳೆ ಬೇಯದಂತೆ ತಡೆಯುವ ಆ ಕ್ಯಾಲ್ಸಿಯಮ್ಮೇ ಇಲ್ಲಿ ನೀರುಚಿಗಟವನ್ನು ಕಾಯುವುದು. ನೀರಿನಲ್ಲಿ ನಿಜವಾದ ಕ್ಯಾಲ್ಸಿಯಂ ತುಂಬಿದ್ದರೆ ಕಿಂಡಿಯ ಮುಂದೆ ನೂಕುನುಗ್ಗಲು, ವೇಷಧಾರಿಗೆ ಒಳನುಗ್ಗುವ ಅವಕಾಶ ಕಡಿಮೆ. ಗಡಸು ನೀರಿನಲ್ಲಿರುವ ಕಾರ್ಬೊನೇಟು ಒಂದಷ್ಟು ಲೋಹವನ್ನು ಹಿಡಿದು ತಳಕ್ಕೆ ಇಳಿಸಿಬಿಡುವುದೂ ಉಂಟು. ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಅದೂ ನಡೆದಿತ್ತು. ಕೆನಡಾದಲ್ಲಿ 2005ರಲ್ಲಿ 63 ಲೋಹ ಮತ್ತು ಅರೆಲೋಹಗಳನ್ನು ಸಿಹಿನೀರಿನ ಇನ್ನೊಂದು ಪುಟ್ಟ ಸಿಗಡಿಜಾತಿಯ ಮೇಲೆ ಗಡಸು ಮತ್ತು ಮೆದು ನೀರಿನಲ್ಲಿ ಪರೀಕ್ಷಿಸಿದಾಗಲೂ ವಿರಳ ಭಸ್ಮ ಲೋಹಗಳು ಮೆದು ನೀರಿನಲ್ಲೇ ಹೆಚ್ಚು ಉಗ್ರವಾಗಿದ್ದವು.

ರೈನ್ ನದಿಯ ನೀರು ಸಾಕಷ್ಟು ಗಡಸು. ಆಲ್ಪ್ಸ್ ಪರ್ವತದ ಸುಣ್ಣಕಲ್ಲು ಅದರ ಬೆನ್ನಿಗಿದೆ. ಆದರೂ ವೋರ್ಮ್ಸ್ ಕೊಳವೆಯ ಬಾಯಲ್ಲಿದ್ದ ಲ್ಯಾಂಥನಂ, ಆಸ್ಟ್ರೇಲಿಯಾದ ಗಡಸು ನೀರಿನ ಲೆಕ್ಕಕ್ಕೂ ನಲವತ್ತು ಪಟ್ಟು ಮೀರಿತ್ತು. ಮಹಾನದಿಯಾದ್ದರಿಂದ ಕೆಳಗೆ ಹೋದಂತೆ ತೆಳುವಾಯಿತು. ಸಣ್ಣ ಹೊಳೆಯೊಂದಕ್ಕೆ ಆ ಭಾಗ್ಯ ಎಲ್ಲಿಂದ ಬರಬೇಕು?

ಈ ವಿಷಶಾಸ್ತ್ರದಲ್ಲಿ ಎಡವುವುದೂ ಸುಲಭ ಎಂಬುದನ್ನು ಇಲ್ಲಿ ಹೇಳಬೇಕು. ಲ್ಯಾಂಥನಮ್ಮಿಗೆ ಫಾಸ್ಫೇಟ್ ಕಂಡರೆ ಬಿಡಲಾರದ ಪ್ರೀತಿ. ಎರಡೂ ಸೇರಿದರೆ ಕರಗದ ಪುಡಿಯಾಗಿ ತಳಕ್ಕಿಳಿಯುತ್ತವೆ. ಪಾಚಿ ಬೆಳೆಸಿದ ಗಾಜಿನ ಬುರುಡೆಗೆ ಲ್ಯಾಂಥನಂ ಹಾಕಿದಾಗ ಪಾಚಿ ಸೊರಗಿದರೆ, ಅದು ವಿಷದಿಂದಲೋ ಅಥವಾ ಫಾಸ್ಫೇಟೆಂಬ ಗೊಬ್ಬರ ಕೈತಪ್ಪಿ ಹಸಿವಿನಿಂದಲೋ ಎಂದು ತಿಳಿಯುವುದು ಕಷ್ಟ. ಹಳೆಯ ಎಷ್ಟೋ ಪ್ರಯೋಗಗಳಲ್ಲಿ ಈ ಗೊಂದಲವಿದೆ. ಅತ್ತ ಚೀನಾದ ರೈತರಿಗೆ ದಶಕಗಳಿಂದ ಇದೇ ಲೋಹಗಳನ್ನು ಚಿಟಿಕೆಯ ಪ್ರಮಾಣದಲ್ಲಿ ಗೊಬ್ಬರದೊಂದಿಗೆ ಕೊಡಲಾಗಿದೆ, ಇಳುವರಿ ಹೆಚ್ಚುತ್ತದೆಂದು. ಇಟಲಿಯ ಜ್ವಾಲಾಮುಖಿಯ ಕುದಿಕೆಸರಿನಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾ ಆ ಕೆಸರಿನ ನೀರು ಬೆರೆಸದಿದ್ದರೆ ಪ್ರಯೋಗಾಲಯದಲ್ಲಿ ಬೆಳೆಯಲೊಲ್ಲದು. ಯಾಕೆಂದು ಹುಡುಕಿದರೆ ಅದಕ್ಕೆ ಬೇಕಾಗಿದ್ದುದು ವಿರಳ ಭಸ್ಮ ಲೋಹ! ಒಬ್ಬರ ವಿಷ ಇನ್ನೊಬ್ಬರ ಟಾನಿಕ್ಕು.

ಫಾಸ್ಫೇಟಿನ ಮೇಲಿನ ಆ ಪ್ರೀತಿಯನ್ನೇ ಬಂಡವಾಳ ಮಾಡಿಕೊಂಡವರಿದ್ದಾರೆ. ಆಸ್ಟ್ರೇಲಿಯಾದ ಸರ್ಕಾರಿ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒ 1990ರ ದಶಕದಲ್ಲಿ ಬೆಂಟೊನೈಟ್ ಜೇಡಿಗೆ ನೂರಕ್ಕೆ ಐದರಷ್ಟು ಲ್ಯಾಂಥನಂ ತೂರಿಸಿ 'ಫಾಸ್‌ಲಾಕ್' ಎಂಬ ಪುಡಿ ತಯಾರಿಸಿತು. ಪಾಚಿಗಟ್ಟಿ ನಾರುವ ಕೆರೆಗೆ ಇದನ್ನು ಸುರಿದರೆ ಫಾಸ್ಫೇಟು ಸಿಕ್ಕಿಬಿದ್ದು ತಳ ಸೇರುತ್ತದೆ, ಪಾಚಿ ಉಪವಾಸ ಬೀಳುತ್ತದೆ. ಯುರೋಪಿನ ಹಲವು ಕೆರೆಗಳು ಹೀಗೆ ತಿಳಿಯಾಗಿವೆ. ನೀರಿನಲ್ಲಿ ಕ್ಷಾರೀಯತೆ ಚೆನ್ನಾಗಿದ್ದರೆ ಲ್ಯಾಂಥನಂ ಜೇಡಿಯಲ್ಲೇ ಉಳಿಯುತ್ತದೆ. ಮೆದು ನೀರಿನಲ್ಲಿ ಸೋರಿ ಬರಿಮೈಯಲ್ಲಿ ಹೊರಬರುತ್ತದೆ. ಮತ್ತೆ ಅದೇ ನೀರಿನ ಮಾತು.

ಗ್ರಾನೈಟ್ ನಾಡಿನ ಹೊಳೆಗಳು

ದುರದೃಷ್ಟವೆಂದರೆ, ಈ ಲೋಹಗಳ ಪೈಕಿ ಅತಿ ಬೆಲೆಬಾಳುವ ಡಿಸ್ಪ್ರೋಸಿಯಂ, ಟರ್ಬಿಯಂ ಮೊದಲಾದವು ಸಿಗುವುದೇ ಮೆದು ನೀರಿನ ನಾಡಿನಲ್ಲಿ. ದಕ್ಷಿಣ ಚೀನಾದ ಜಿಯಾಂಗ್ಷಿ ಪ್ರಾಂತ್ಯದಲ್ಲಿ ಗ್ರಾನೈಟ್ ಬಂಡೆ ಲಕ್ಷಾಂತರ ವರ್ಷ ಮಳೆಗೆ ಕೊಳೆತು ಕೆಂಪು ಜೇಡಿಯಾಗಿದೆ. ಆ ಜೇಡಿಯ ಕಣಗಳಿಗೆ ಈ ಲೋಹಗಳು ಸಡಿಲವಾಗಿ ಅಂಟಿಕೊಂಡಿವೆ. ಇಂಥ ನಿಕ್ಷೇಪ ಲೋಂಗ್‌ನಾನ್ ಎಂಬಲ್ಲಿ 1969ರಲ್ಲಿ ಮೊದಲು ಗೊತ್ತಾಯಿತು. ಗುಡ್ಡಕ್ಕೆ ಅಮೋನಿಯಂ ಸಲ್ಫೇಟ್ ಉಣಿಸಿದರೆ ಲೋಹ ಕಳಚಿಕೊಂಡು ಕೆಳಗಿನ ಹೊಂಡಕ್ಕೆ ಹರಿದುಬರುತ್ತದೆ. ಕುಲುಮೆ ಬೇಡ, ದೊಡ್ಡ ಯಂತ್ರ ಬೇಡ. ಆದರೆ ಹೊಂಡಕ್ಕೆ ಬಾರದ ಪಾಲು ಎಲ್ಲಿಗೆ ಹೋಗುತ್ತದೆ? ಆ ಗುಡ್ಡಗಳ ಕೆಲವು ಹೊಳೆಗಳು ಹಾಂಗ್‌ಕಾಂಗಿಗೆ ಕುಡಿಯುವ ನೀರೊದಗಿಸುವ ಡೋಂಗ್‌ಜಿಯಾಂಗ್ ನದಿಯ ಮೂಲ. ಗ್ರಾನೈಟಿನ ನೆಲದಲ್ಲಿ ಸುಣ್ಣ ಕಡಿಮೆ. ನೀರು ಮೆದು, ಹುಳಿ. ಅಮೋನಿಯವೂ ಜಲಚರಗಳಿಗೆ ಮಾರಕವಾದ್ದರಿಂದ ಇಂಥ ಹೊಳೆಯಲ್ಲಿ ಮೀನು ಸತ್ತರೆ ಆರೋಪಿ ಇವನೇ ಎಂದು ಬೊಟ್ಟು ಮಾಡುವುದು ಸಲೀಸಲ್ಲ, ನಿಜ. ಸತ್ತ ಮೀನಿಗೆ ಆ ವಾದದಿಂದ ಪ್ರಯೋಜನವಿಲ್ಲ.

ಚೀನಾ ತನ್ನ ನೆಲದಲ್ಲಿ ಇಂಥ ಗಣಿಗಳ ಮೇಲೆ ಬಿಗಿ ಹಿಡಿದಂತೆ ದಂಧೆ ಗಡಿ ದಾಟಿ ಮ್ಯಾನ್ಮಾರಿನ ಕಚಿನ್ ರಾಜ್ಯಕ್ಕೆ ಹೋಯಿತು. ಉಪಗ್ರಹ ಚಿತ್ರಗಳನ್ನು ಎಣಿಸಿದ ಗ್ಲೋಬಲ್ ವಿಟ್ನೆಸ್ ಸಂಸ್ಥೆ, ಆ ಗುಡ್ಡಗಳಲ್ಲಿ 2,700ಕ್ಕೂ ಹೆಚ್ಚು ಹೊಂಡಗಳಿವೆ ಎಂದು 2022ರಲ್ಲಿ ವರದಿ ಮಾಡಿತು. ಆ ಕಣಿವೆಯ ನೀರು ಮುಂದೆ ಐರಾವತಿ ನದಿಯಾಗುತ್ತದೆ.

ನಮ್ಮ ದೇಶದ್ದು ಬೇರೆ ಕಥೆ. ತಿರುವಾಂಕೂರಿನಿಂದ ಜರ್ಮನಿಗೆ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಮೋನಜೈಟ್ ಎಂಬ ಖನಿಜ ಇರುವುದನ್ನು ಶೋಂಬರ್ಗ್ ಎಂಬ ರಸಾಯನಜ್ಞ 1909ರಲ್ಲಿ ಗುರುತಿಸಿದ. ಗ್ಯಾಸ್‌ಲೈಟಿನ ಮ್ಯಾಂಟಲ್‌ಗಾಗಿ ಆ ಮರಳಿಗೆ ಮುಗಿಬಿದ್ದರು. ಸ್ವಾತಂತ್ರ್ಯದ ನಂತರ, 1950ರಲ್ಲಿ, ಇಂಡಿಯನ್ ರೇರ್ ಅರ್ತ್ಸ್ ಕಂಪನಿ ಹುಟ್ಟಿತು. 1952ರಲ್ಲಿ ಕೇರಳದ ಆಲುವಾದಲ್ಲಿ, ಪೆರಿಯಾರ್ ನದಿಯ ಪಕ್ಕದಲ್ಲಿ, ಅದರ ಕಾರ್ಖಾನೆ ಕೆಲಸ ಆರಂಭಿಸಿತು. ಇಂದಿಗೂ ಈ ಲೋಹಗಳನ್ನು ಬೇರ್ಪಡಿಸುವ ಕೆಲಸ ಅಲ್ಲಿ ನಡೆಯುತ್ತದೆ. ದೇಶದಲ್ಲಿ ಸುಮಾರು 1 ಕೋಟಿ 31 ಲಕ್ಷ ಟನ್ ಮೋನಜೈಟ್ ಇದೆಯೆಂದು ಪರಮಾಣು ಇಂಧನ ಇಲಾಖೆಯ ಲೆಕ್ಕ.

ಮೋನಜೈಟ್ ಎಂದೊಡನೆ ನಮ್ಮಲ್ಲಿ ವಾದವೆಲ್ಲ ಅದರ ಜೊತೆಗಿರುವ ಥೋರಿಯಂ, ಅದರ ವಿಕಿರಣ ಇವುಗಳ ಸುತ್ತಲೇ ಸುತ್ತುತ್ತದೆ. ಅಣುಶಕ್ತಿ ನಿಯಂತ್ರಣ ಮಂಡಳಿ ಕಾಯುವುದೂ ಅದನ್ನೇ. ವಿಕಿರಣವಿಲ್ಲದ ಲ್ಯಾಂಥನಂ, ಸೀರಿಯಮ್ಮುಗಳನ್ನು ಕೇಳುವವರಿಲ್ಲ. ಕುಡಿಯುವ ನೀರಿಗಾಗಿ ಭಾರತೀಯ ಮಾನಕ ಸಂಸ್ಥೆ 2012ರಲ್ಲಿ ಪರಿಷ್ಕರಿಸಿದ ಐಎಸ್ 10500 ಪಟ್ಟಿಯನ್ನು ತೆರೆದು ನೋಡಿ. ಸೀಸ, ಪಾದರಸ, ಆರ್ಸೆನಿಕ್, ಬೇರಿಯಂ ಎಲ್ಲವೂ ಇವೆ. ಈ ಹದಿನೇಳರಲ್ಲಿ ಒಂದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ ಇಲ್ಲ. ಡಚ್ಚರ ಸಾರ್ವಜನಿಕ ಆರೋಗ್ಯ ಸಂಸ್ಥೆ ಮಾತ್ರ 2000ದಷ್ಟು ಹಿಂದೆಯೇ ಲ್ಯಾಂಥನಂ ಸೇರಿ ಕೆಲವು ಲೋಹಗಳಿಗೆ ಸಿಹಿನೀರಿನ ಮಿತಿ ಸೂಚಿಸಿತ್ತು. ಲ್ಯಾಂಥನಮ್ಮಿಗೆ ಅದು ಲೀಟರಿಗೆ ಸುಮಾರು 10 ಮೈಕ್ರೋಗ್ರಾಂ. ರೈನ್ ಕೊನೆಗೆ ಬಂದು ಸೇರುವುದು ಅವರ ಮನೆಯಂಗಳಕ್ಕಲ್ಲವೆ!

ಈಗ ಅವಸರ ಬಂದಿದೆ. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಭಸ್ಮ ಲೋಹಗಳ ರಫ್ತಿಗೆ ಲಗಾಮು ಹಾಕಿದಾಗ ನಮ್ಮ ವಾಹನ ಕಾರ್ಖಾನೆಗಳು ಕಂಗಾಲಾದವು. ಆ ವರ್ಷದ ನವೆಂಬರಿನಲ್ಲಿ ಕೇಂದ್ರ ಸಂಪುಟ ವರ್ಷಕ್ಕೆ 6,000 ಟನ್ ಅಯಸ್ಕಾಂತ ತಯಾರಿಸುವ ಸಾಮರ್ಥ್ಯಕ್ಕಾಗಿ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಬೇಕಾದದ್ದೇ. ಹೊಗೆಯಿಲ್ಲದ ವಾಹನ ಬೇಕೆಂದರೆ ಅಯಸ್ಕಾಂತ ಬೇಕು. ಅಯಸ್ಕಾಂತಕ್ಕೆ ಲೋಹ ಬೇಕು, ಲೋಹ ಬೇರ್ಪಡಿಸಲು ಆಮ್ಲ ಬೇಕು, ನೀರು ಬೇಕು, ಉಳಿದ ನೀರನ್ನು ಬಿಡಲು ಎಲ್ಲೋ ಒಂದು ಹೊಳೆ ಬೇಕು. ಆ ಹೊಳೆಯ ನೀರು ಗಡಸೋ ಮೆದುವೋ ಎಂದು ಮೊದಲೇ ಕೇಳಿಕೊಳ್ಳಲು ದೊಡ್ಡ ಖರ್ಚಿಲ್ಲ. ಒಂದು ಗಾಜಿನ ಬುರುಡೆ, ಆ ಹೊಳೆಯದೇ ನೀರು, ಇಪ್ಪತ್ತು ನೀರುಚಿಗಟ, ಎರಡು ದಿನದ ತಾಳ್ಮೆ. ಪ್ರಮಾಣಿತ ಗಡಸು ನೀರಿನಲ್ಲಿ ಪರೀಕ್ಷಿಸಿ 'ಅಪಾಯವಿಲ್ಲ' ಎಂದು ಬರೆದ ಸರ್ಟಿಫಿಕೇಟು ಪಶ್ಚಿಮಘಟ್ಟದ ಹೊಳೆಗೆ ಅನ್ವಯಿಸುವುದಿಲ್ಲ.

ಪೆರಿಯಾರ್ ಘಟ್ಟದಿಂದ ಇಳಿದು ಸೇರುವುದು ವೇಂಬನಾಡಿನ ಹಿನ್ನೀರಿಗೆ. ಆ ಹಿನ್ನೀರಿನ ಕೆಸರಿನಲ್ಲಿ ವಿಲ್ಲೊರಿಟಾ ಎಂಬ ಕಪ್ಪು ಚಿಪ್ಪು ಬೆಳೆಯುತ್ತದೆ. ರೈನ್ ನದಿಯಲ್ಲಿ ಸಾಕ್ಷಿ ಹೇಳಿದ ಕಾರ್ಬಿಕ್ಯುಲಾದ ಕುಟುಂಬದ್ದೇ. ಸಾವಿರಾರು ಮಂದಿ ದೋಣಿಯಲ್ಲಿ ಹೋಗಿ ಅದನ್ನು ಬಾಚಿ ತರುತ್ತಾರೆ. ಮಾಂಸ ಬೇಯಿಸಿ ಮಾರುತ್ತಾರೆ. ಚಿಪ್ಪು ಸುಣ್ಣದ ಗೂಡಿಗೆ ಹೋಗುತ್ತದೆ.